ತೂಕದ ಆಪರೇಷನ್ ಆದಮೇಲೆ ಹೊಟ್ಟೆ ಕೈಕೊಟ್ಟರೆ: ಎಂಡೋಸ್ಕೋಪಿ ಚಿಕಿತ್ಸೆಯ ಮಾರ್ಗದರ್ಶಿ

ತೂಕ ಇಳಿಸುವ ಆಪರೇಷನ್ ಪುಣೆಯಲ್ಲೋ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಆಗಿರುತ್ತದೆ. ವಾಂತಿ ಶುರುವಾಗುವುದು ಮಾತ್ರ ಅಥಣಿಯಲ್ಲಿ, ಜಮಖಂಡಿಯಲ್ಲಿ, ಇಂಡಿಯಲ್ಲಿ. ಅದೂ ರಾತ್ರಿ ಹನ್ನೊಂದರ ಮೇಲೆ. ಮನೆಯವರಿಗೆ ಗಾಬರಿ, ಪಕ್ಕದ ಓಣಿಯ ಡಾಕ್ಟರಿಗೆ ಈ ಆಪರೇಷನ್ನಿನ ಪರಿಚಯ ಕಡಿಮೆ, ಆಪರೇಷನ್ ಮಾಡಿದ ಸರ್ಜನ್ ನೂರಾರು ಕಿಲೋಮೀಟರ್ ದೂರ. ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಮತ್ತೆ ಹೊಟ್ಟೆ ಕೊಯ್ಯಬೇಕಾ?

ಎಷ್ಟೋ ಸಲ ಬೇಕಾಗುವುದಿಲ್ಲ. ಬಾಯಿಂದ ಕ್ಯಾಮೆರಾ ಪೈಪು ಇಳಿಸಿ, ಅಂದರೆ ಎಂಡೋಸ್ಕೋಪಿಯಲ್ಲೇ, ಸೋರುವುದನ್ನು ಮುಚ್ಚಬಹುದು, ಬಿಗಿದದ್ದನ್ನು ಹಿಗ್ಗಿಸಬಹುದು, ರಕ್ತ ನಿಲ್ಲಿಸಬಹುದು. ಆದರೆ ಯಾವ ತೊಂದರೆಗೆ ಯಾವ ಉಪಾಯ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ಆಗಿರುವುದು ಯಾವ ಆಪರೇಷನ್, ಆಗಿ ಎಷ್ಟು ದಿನವಾಯಿತು. ಇವೆರಡನ್ನು ಸರಿಯಾಗಿ ಹೇಳುವ ಮನೆಯವರು ಅರ್ಧ ಕೆಲಸ ಮುಗಿಸಿದಂತೆಯೇ. ಇದನ್ನು ಓದಿ ಮನೆಯಲ್ಲೇ ಔಷಧಿ ಶುರು ಮಾಡಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ಗೊತ್ತಿರಲಿ ಅಂತ ಬರೆದಿದ್ದೇನೆ.

ಹಂತ 1: ಮೊದಲು ಫೈಲು ತೆಗೆಯಿರಿ

ಕ್ಯಾಶುವಾಲ್ಟಿಯಲ್ಲಿ ನಡೆಯುವ ಮಾತು ಬಹುತೇಕ ಹೀಗಿರುತ್ತದೆ.

"ಏನ್ ಆಪರೇಷನ್ ಆಗೇತ್ರೀ?"

"ಅದರೀ ಸರ್, ತೂಕ ಇಳಸೂದು."

"ಯಾವ್ದು? ಸ್ಲೀವೋ, ಬೈಪಾಸೋ?"

"ಅದು ನಮ್ಮ ವೈನಿಗೇ ಗೊತ್ರೀ."

ವೈನಿ ಸ್ಟ್ರೆಚರ್ ಮೇಲೆ ಮಲಗಿ ನರಳುತ್ತಿರುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ವರ್ಷದ ಇಸಿಜಿ, ಸೋನೋಗ್ರಫಿ, ಕನ್ನಡಕದ ಚೀಟಿ ಎಲ್ಲಾ ಇರುತ್ತದೆ, ಒಳಗೆ ಏನು ಮಾಡಿದರು ಅಂತ ಸರ್ಜನ್ ಬರೆದ ಆಪರೇಷನ್ ನೋಟ್ ಒಂದು ಇರುವುದಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಮೂರು ಬಗೆ. ಸ್ಲೀವ್‌ನಲ್ಲಿ ಜಠರದ ಶೇಕಡಾ 75ರಿಂದ 80 ಭಾಗವನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ. ಇಲ್ಲಿ ಸೋರಿಕೆ ಹೆಚ್ಚಾಗಿ ಮೇಲ್ತುದಿಯಲ್ಲಿ, ಅನ್ನನಾಳ ಬಂದು ಸೇರುವ ಜಾಗದ ಹತ್ತಿರ ಆಗುತ್ತದೆ. ಬಿಗಿತ ಆಗುವುದು ನಡುವಿನ ಬಾಗಿನಲ್ಲಿ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯಲ್ಲೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಹುಣ್ಣು, ಬಿಗಿತ ಎರಡೂ ಆ ಜೋಡಣೆಯಲ್ಲೇ ಕಾಣಿಸಿಕೊಳ್ಳುತ್ತವೆ. ಮೂರನೆಯದು ಮಿನಿ ಬೈಪಾಸ್: ಚೀಲ ಉದ್ದ, ಕರುಳಿಗೆ ಜೋಡಣೆ ಒಂದೇ.

ಡಿಸ್ಚಾರ್ಜ್ ಕಾರ್ಡು, ಆಪರೇಷನ್ ನೋಟ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಈ ಮೂರರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಆಪರೇಷನ್ ನೋಟ್ ಕೊಟ್ಟಿಲ್ಲವಾದರೆ ಇವತ್ತೇ ಫೋನ್ ಮಾಡಿ ಕೇಳಿ. ಅದು ನಿಮ್ಮ ಹಕ್ಕು, ಉಪಕಾರವಲ್ಲ.

ಹಂತ 2: ದಿನ ಎಣಿಸಿ

ಆಪರೇಷನ್ ಆದ ಮೊದಲ ಒಂದೆರಡು ದಿನದ ಭಯ ರಕ್ತಸ್ರಾವ. ರಕ್ತವಾಂತಿ, ಡಾಂಬರಿನ ಬಣ್ಣದ ಮಲ, ತಲೆ ತಿರುಗುವುದು. ಆಗ ಬಹುಮಟ್ಟಿಗೆ ರೋಗಿ ಆಸ್ಪತ್ರೆಯಲ್ಲೇ ಇರುತ್ತಾರೆ.

ಮೊದಲ ವಾರದಿಂದ ಸುಮಾರು ಒಂದು ತಿಂಗಳವರೆಗೆ ಸೋರಿಕೆಯ ಕಾಲ. ಸ್ಟೇಪ್ಲರ್ ಸಾಲು ಎಲ್ಲೋ ಒಂದು ಕಡೆ ಬಿಟ್ಟುಕೊಂಡು ಒಳಗಿನದು ಹೊಟ್ಟೆಯೊಳಗೆ ಸೋರುತ್ತದೆ. ಸ್ಲೀವ್ ಆದ ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತದೆ. ಕಡಿಮೆಯೇ, ಆದರೆ ಜೀವಕ್ಕೆ ಎರವಾಗಬಹುದು. ಡಿಸ್ಚಾರ್ಜ್ ಆಗಿ ಮನೆಗೆ ಬಂದು, ನೆಂಟರೆಲ್ಲ ನೋಡಿಕೊಂಡು ಹೋಗುವ ಹೊತ್ತಿಗೇ ಇದು ತಲೆ ಎತ್ತುತ್ತದೆ.

ಒಂದರಿಂದ ಮೂರು ತಿಂಗಳಲ್ಲಿ ಬರುವುದು ಬಿಗಿತ. ಮೊದಲು ಗಟ್ಟಿ ಊಟ ಇಳಿಯುವುದಿಲ್ಲ, ಆಮೇಲೆ ಮೆತ್ತನೆಯದು, ಕೊನೆಗೆ ನೀರೂ ಇಲ್ಲ. ಅದಾದ ಮೇಲೆ, ತಿಂಗಳುಗಳಿಂದ ವರ್ಷಗಳವರೆಗೆ, ಹುಣ್ಣು, ಪಿತ್ತದ ಹರಳು, ಸಿಹಿ ತಿಂದರೆ ಮೈ ನಡುಗುವುದು, ತೂಕ ಮರಳಿ ಏರುವುದು.

ಎಂಡೋಸ್ಕೋಪಿಗೆ ಸಿಗದ ಒಂದು ತೊಂದರೆಯೂ ಇದೆ. ಬೈಪಾಸ್ ಆದವರಲ್ಲಿ ಕರುಳು ಒಳಗೊಳಗೇ ಒಂದು ಸಂದಿಗೆ ನುಗ್ಗಿ ಸಿಕ್ಕಿಕೊಳ್ಳಬಹುದು. ವರ್ಷಗಳ ಮೇಲೂ ಆಗಬಹುದು. ಹೊಟ್ಟೆ ಹಿಂಡಿದಂತೆ ನೋವು ಬಂದು ಬಂದು ಹೋಗುತ್ತದೆ. ಎಂಡೋಸ್ಕೋಪಿ ನಾರ್ಮಲ್ ಅಂತ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಹಾಗೆ ಬಿಡಬೇಡಿ. ಬೈಪಾಸ್ ಆದವರಿಗೆ ಇಂಥ ನೋವು ಬಂದರೆ ಸಿಟಿ ಸ್ಕ್ಯಾನ್ ಬೇಕು, ಎಷ್ಟೋ ಸಲ ಆಪರೇಷನ್ನೇ ಬೇಕು.

ಹಂತ 3: ಬೆಳಗಾಗಲಿ ಅಂತ ಕಾಯಬಾರದ ಲಕ್ಷಣಗಳು

ಆಪರೇಷನ್ ಆಗಿ ಒಂದು ತಿಂಗಳೊಳಗೆ ಇದ್ದವರು ಸುಮ್ನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟಿದರೆ ಅದೊಂದೇ ಸಾಕು, ಹೊರಡಿ. ಜ್ವರ ಇರಲೇಬೇಕೆಂದಿಲ್ಲ. ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿರಬೇಕೆಂದೂ ಇಲ್ಲ. ದಪ್ಪ ಮೈಯವರಲ್ಲಿ ಹೊಟ್ಟೆ ಒಳಗಿನ ಸೋಂಕು ಹೊರಗೆ ಬೇಗ ಕಾಣುವುದಿಲ್ಲ, ಎಷ್ಟೋ ಸಲ ನಾಡಿಯೇ ಮೊದಲು ಸುಳಿವು ಕೊಡುತ್ತದೆ. ಇದರ ಜೊತೆಗೆ ಎಡ ಭುಜದಲ್ಲಿ ನೋವು, ಉಸಿರು ಕಟ್ಟಿದಂತಾಗುವುದು, ಚಳಿ ಜ್ವರ, ಮೂತ್ರ ಕಡಿಮೆಯಾಗುವುದು ಇದ್ದರೆ ಸೋರಿಕೆಯ ಅನುಮಾನ ಇನ್ನೂ ಗಟ್ಟಿ.

ಯಾವುದೇ ಕಾಲದಲ್ಲಿ ರಕ್ತವಾಂತಿ, ಕಪ್ಪು ಮಲ, ಸಹಿಸಲಾಗದ ನೋವು, ನೀರೂ ಇಳಿಯದಿರುವುದು, ಕಣ್ಣು ಬಿಳಿಭಾಗ ಹಳದಿಯಾಗಿ ಚಳಿಜ್ವರ ಬರುವುದು: ಇವೂ ಅದೇ ಪಟ್ಟಿಗೆ ಸೇರಿದವು. 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಬಾಯಿಗೆ ಏನೂ ಕೊಡಬೇಡಿ. ನೋವಿನ ಸೂಜಿ ಮಾಡಿಸಿಕೊಂಡು ಮಲಗಿಸುವ ಆಸೆಯನ್ನೂ ಬಿಡಿ.

ಹಂತ 4: ವಾಂತಿ ಇದ್ದರೆ ಬಿ1 ಕೇಳಿ

ಇದೊಂದು ಭಾಗವನ್ನಾದರೂ ಎರಡು ಸಲ ಓದಿ.

ನಮ್ಮ ಕಡೆ ವಾಂತಿ, ಸುಸ್ತು ಅಂದರೆ ಮೊದಲ ಮದ್ದು ಒಂದು ಬಾಟಲಿ ಸಲೈನ್ ಹಚ್ಚುವುದು. "ಒಂದ್ ಗ್ಲುಕೋಸ್ ಏರಿಸ್ರಿ ಸರ್, ಶಕ್ತಿ ಬರತೈತಿ" ಅಂತ ನಾವೇ ಹೇಳಿ ಹಚ್ಚಿಸಿಕೊಳ್ಳುತ್ತೇವೆ. ತೂಕದ ಆಪರೇಷನ್ ಆಗಿ ವಾರಗಟ್ಟಲೆ ವಾಂತಿಯಾಗುತ್ತಿರುವವರಿಗೆ ಇದೇ ಮುಳುವಾಗಬಹುದು. ಥಯಾಮಿನ್, ಅಂದರೆ ವಿಟಮಿನ್ ಬಿ1, ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟೇ ಇರುತ್ತದೆ. ಊಟ ಹೋಗದೆ ಅದು ಖಾಲಿಯಾದ ಮೇಲೆ ಗ್ಲುಕೋಸ್ ಕೊಟ್ಟರೆ, ಉಳಿದಿದ್ದ ಚೂರುಪಾರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಒಂದು ಎರಡಾಗಿ ಕಾಣುವುದು, ನಡೆಯುವಾಗ ಓಲಾಡುವುದು, ಮಾತು ತಪ್ಪುವುದು, ಗೊಂದಲ. ಸಕಾಲಕ್ಕೆ ಬಿ1 ಸೂಜಿ ಕೊಡದಿದ್ದರೆ ನೆನಪಿನ ಶಕ್ತಿ ಕಾಯಂ ಆಗಿ ಹೋಗಬಹುದು.

ಆದ್ದರಿಂದ ಯಾವ ಊರಿನ ಯಾವ ಆಸ್ಪತ್ರೆಯಾದರೂ ಸರಿ, ಬಾಟಲಿ ಹಚ್ಚುವ ಮೊದಲು ಹೇಳಿ: "ಸರ್, ತೂಕದ ಆಪರೇಷನ್ ಆಗೇತಿ, ಇಷ್ಟ್ ದಿನದಿಂದ ವಾಂತಿ ಐತಿ, ಗ್ಲುಕೋಸ್‌ಕಿಂತ ಮೊದ್ಲ ಥಯಾಮಿನ್ ಕೊಡಬೇಕೇನ್ರೀ?" ಡಾಕ್ಟರಿಗೆ ಬುದ್ಧಿ ಹೇಳಿದಂತೆ ಆಗುತ್ತದೇನೋ ಅನ್ನುವ ಸಂಕೋಚ ಬೇಡ. ಸೂಜಿಯ ಬೆಲೆ ಹೆಚ್ಚಲ್ಲ, ತೊಂದರೆ ಆದರೆ ತೆರುವ ಬೆಲೆ ಬಹಳ.

"ಆಪರೇಷನ್ ಆದಮೇಲೆ ವಾಂತಿ ಆಗೂದು ಇದ್ದದ್ದ" ಅಂತ ಸಮಾಧಾನ ಹೇಳುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವಸರದಲ್ಲಿ ತಿಂದು ಒಂದು ಸಲ ವಾಂತಿಯಾದರೆ ಸರಿ. ದಿನಾ ಆಗುತ್ತಿದ್ದರೆ ಅದು ಇದ್ದದ್ದಲ್ಲ.

ಹಂತ 5: ಯಾವ ತೊಂದರೆಗೆ ಯಾವ ಉಪಾಯ

ಸೋರಿಕೆಯಿಂದ ಶುರು ಮಾಡೋಣ, ಏಕೆಂದರೆ ಮನೆಯವರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಎದ್ದು ಕಾಣುವ ದ್ರವವನ್ನು ಬಾಯಿಂದ ಕುಡಿಸಿ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಕೀವು ಹೊಟ್ಟೆ ತುಂಬಾ ಹರಡಿ ಬಿಪಿ ಬೀಳುತ್ತಿದ್ದರೆ ಎಂಡೋಸ್ಕೋಪಿ ಅಂತ ಕಾಯುವಂತಿಲ್ಲ, ಸರ್ಜನ್ ಒಳಗೆ ಹೋಗಿ ತೊಳೆದು ನಳಿಕೆ ಇಡಲೇಬೇಕು. ರೋಗಿ ತಕ್ಕಮಟ್ಟಿಗೆ ಸ್ಥಿರವಾಗಿದ್ದರೆ ಮಾತ್ರ ಮುಂದಿನ ಆಯ್ಕೆಗಳು.

ಒಂದು, ಸ್ಟೆಂಟ್. ಮೇಲೆ ಹೊದಿಕೆ ಇರುವ ಲೋಹದ ಜಾಲರಿ ಕೊಳವೆ. ತೂತಿನ ಒಳಮಗ್ಗುಲಿಗೆ ಅಡ್ಡವಾಗಿ ಕೂತು, ಎಂಜಲು, ಆಹಾರ ತೂತಿಗೆ ತಾಗದಂತೆ ಮಾಡುತ್ತದೆ. ಸಾಮಾನ್ಯವಾಗಿ 4ರಿಂದ 8 ವಾರ ಇಟ್ಟು ತೆಗೆಯುತ್ತಾರೆ. ಎದೆ ಉರಿ, ಎದೆನೋವು, ಓಕರಿಕೆ ಜೊತೆಗೇ ಬರುತ್ತವೆ. ಜಾಗ ಬಿಟ್ಟು ಜಾರುವುದೂ ಅಪರೂಪವಲ್ಲ.

ಎರಡು, ಪಿಗ್‌ಟೇಲ್. ಎರಡೂ ತುದಿ ಸುರುಳಿ ಇರುವ ಸಣ್ಣ ಪ್ಲಾಸ್ಟಿಕ್ ನಳಿಕೆ. ಇದರ ಲೆಕ್ಕ ಕೇಳಿದರೆ ಮೊದಲಿಗೆ ಎಲ್ಲರಿಗೂ ತಲೆಕೆಳಗು ಅನಿಸುತ್ತದೆ. ತೂತನ್ನು ಮುಚ್ಚುವುದಿಲ್ಲ, ತೂತಿನಲ್ಲೇ ನಳಿಕೆ ಇಟ್ಟು ಹೊರಗೆ ಕಟ್ಟಿಕೊಂಡ ಕೀವನ್ನು ಜಠರದೊಳಕ್ಕೇ ಹರಿಸುತ್ತಾರೆ. ಕೀವಿನ ಗುಳಿ ನಿಧಾನಕ್ಕೆ ಕುಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ವಾರಗಳಿಂದ ತಿಂಗಳುಗಳೇ ಹಿಡಿಯಬಹುದು, ಆದರೆ ಸ್ಟೆಂಟಿನಷ್ಟು ಕಾಟ ಕೊಡುವುದಿಲ್ಲ, ಎಷ್ಟೋ ಜನ ಮನೆಯಲ್ಲೇ ಇದ್ದು ಓಡಾಡಿಕೊಂಡಿರುತ್ತಾರೆ. ತಡವಾಗಿ ಗೊತ್ತಾದ, ಕೀವು ಒಂದೇ ಕಡೆ ಕಟ್ಟಿಕೊಂಡ ಸೋರಿಕೆಯಲ್ಲಿ ಇದರ ಬಗ್ಗೆ ಕೇಳದೆ ಸ್ಟೆಂಟಿಗೆ ಒಪ್ಪಬೇಡಿ ಅಂತಲೇ ನಾನು ಹೇಳುವುದು.

ಮೂರು, ವ್ಯಾಕ್ಯೂಮ್. ಸ್ಪಂಜನ್ನು ಗುಳಿಯಲ್ಲಿಟ್ಟು ಮೂಗಿನ ನಳಿಕೆಯ ಮೂಲಕ ಮೆಷಿನ್ನಿನಿಂದ ಎಳೆಯುತ್ತಾರೆ. ಮೂರರಿಂದ ಐದು ದಿನಕ್ಕೊಮ್ಮೆ ಮತ್ತೆ ಎಂಡೋಸ್ಕೋಪಿ ಮಾಡಿ ಸ್ಪಂಜು ಬದಲಿಸಬೇಕು. ಅಷ್ಟು ದಿನ ಆಸ್ಪತ್ರೆ ವಾಸ. ಇದಲ್ಲದೆ ಸಣ್ಣ, ಹೊಸ ತೂತಿಗೆ ಪೈಪಿನ ತುದಿಗೆ ಕೂರಿಸಿದ ದೊಡ್ಡ ಕ್ಲಿಪ್ ಹಾಕುವುದುಂಟು. ಹಳೆಯ ಗುಳಿಗೂ ಜಠರಕ್ಕೂ ನಡುವೆ ಬೆಳೆದ ಗೋಡೆಯನ್ನು ಕತ್ತರಿಸಿ ಎರಡನ್ನೂ ಒಂದು ಮಾಡುವುದೂ ಉಂಟು.

ಯಾವುದೇ ಆಗಲಿ, ಒಂದೇ ಸಲಕ್ಕೆ ಮುಗಿಯುವುದು ಕಡಿಮೆ. ಆ ದಿನಗಳಲ್ಲಿ ಮೂಗಿನಿಂದ ಸಣ್ಣ ಕರುಳಿಗೆ ಇಳಿಸಿದ ನಳಿಕೆಯಲ್ಲಿ ಪೌಷ್ಟಿಕ ದ್ರವ ಹೋಗುತ್ತಿರಬೇಕು. ಪೋಷಣೆ ಇಲ್ಲದೆ ಯಾವ ಗಾಯವೂ ಕೂಡಿಕೊಳ್ಳುವುದಿಲ್ಲ. "ತಿಂಗಳಾತು, ಇನ್ನೂ ಮುಚ್ಚಿಲ್ಲ" ಅಂತ ನಡುವೆಯೇ ಆಸ್ಪತ್ರೆ ಬದಲಿಸುವವರು ಇದ್ದಾರೆ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಸ್ಕ್ಯಾನಿನ ಸಿಡಿ ಕಳಿಸಿ ಕೇಳಿ. ರೋಗಿಯನ್ನೇ ಎತ್ತಿಕೊಂಡು ಊರೂರು ತಿರುಗಿದರೆ ಪ್ರತಿ ಸಲವೂ ಮೊದಲಿನಿಂದ ಶುರು.

ಬಿಗಿತಕ್ಕೆ ಬಲೂನು. ಬೈಪಾಸಿನ ಜೋಡಣೆ ಬಿಗಿದಿದ್ದರೆ ಬಲೂನನ್ನು ಅಲ್ಲಿ ಉಬ್ಬಿಸಿ ನಿಧಾನಕ್ಕೆ ಹಿಗ್ಗಿಸುತ್ತಾರೆ. ಒಂದೆರಡು ಸಲಕ್ಕೆ ಬಹಳಷ್ಟು ಜನರಿಗೆ ಸರಿಹೋಗುತ್ತದೆ, ಅದೇ ದಿನ ಅಥವಾ ಮರುದಿನ ಮನೆಗೆ. ಸ್ಲೀವ್ ಬಿಗಿದಿದ್ದರೆ ಕೆಲಸ ಕಷ್ಟ, ಏಕೆಂದರೆ ಅಲ್ಲಿ ಎಷ್ಟೋ ಸಲ ಕೊಳವೆ ಬಿಗಿದಿರುವುದಿಲ್ಲ, ತಿರುಚಿಕೊಂಡಿರುತ್ತದೆ. ಅದಕ್ಕೆ 30 ಮಿಲಿಮೀಟರಿನ ದೊಡ್ಡ ಬಲೂನು ಬೇಕು, ಎಕ್ಸ್‌ರೇ ನೋಡುತ್ತಾ ಮಾಡಬೇಕು. ಎರಡು ಮೂರು ಸಲ ಮಾಡಿಯೂ ಆಗದಿದ್ದರೆ ಸ್ಲೀವನ್ನು ಬೈಪಾಸ್ ಆಗಿ ಬದಲಿಸುತ್ತಾರೆ. ಬಲೂನು ಉಬ್ಬಿಸುವಾಗ ಗೋಡೆ ಹರಿಯುವ ಸಣ್ಣ ಅಪಾಯ ಇದ್ದೇ ಇದೆ. ಸಹಿ ಹಾಕುವ ಮೊದಲು ಅದನ್ನು ಬಾಯಿಬಿಟ್ಟು ಕೇಳಿ.

ಹುಣ್ಣಿನ ವಿಷಯದಲ್ಲಿ ಎಂಡೋಸ್ಕೋಪಿ ನೋಡಲು, ರಕ್ತ ಬರುತ್ತಿದ್ದರೆ ಕ್ಲಿಪ್ ಹಾಕಿ ಅಥವಾ ಸುಟ್ಟು ನಿಲ್ಲಿಸಲು, ಚುಚ್ಚುತ್ತಿರುವ ದಾರವೋ ಪಿನ್ನೋ ಇದ್ದರೆ ತೆಗೆಯಲು. ವಾಸಿ ಮಾಡುವುದು ಆಸಿಡ್ ತಗ್ಗಿಸುವ ಔಷಧಿ, ಅದೂ ತಿಂಗಳುಗಟ್ಟಲೆ. ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳನ್ನು ತೆಗೆದುಕೊಂಡರೆ ಬೈಪಾಸ್ ಆದವರಲ್ಲಿ ಹುಣ್ಣು ಬೇಗ ಮಾಯುತ್ತದೆ. ಹಾಗೆ ಮಾಡಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಆದರೆ ಹುಣ್ಣು ತರುವ ಎರಡು ಚಟ ಬಿಡದೆ ಔಷಧಿ ನುಂಗಿ ಪ್ರಯೋಜನ ಇಲ್ಲ. ಒಂದು ತಂಬಾಕು. ನಿಪ್ಪಾಣಿ ತಂಬಾಕಿನ ಜಿಲ್ಲೆಯವರು ನಾವು, ಬೀಡಿ, ಗುಟ್ಕಾ, ಸುಣ್ಣ ತಿಕ್ಕಿದ ತಂಬಾಕು ಯಾವುದೂ ದೂರದ್ದಲ್ಲ. ಇನ್ನೊಂದು ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್. ನೋವಿಗೆ ಪ್ಯಾರಾಸಿಟಮಾಲ್ ಸಾಕು ಅಂತ ಮನೆಯವರಿಗೂ ಹೇಳಿಡಿ. ಹೃದಯಕ್ಕೆ ಕೊಟ್ಟ ಆಸ್ಪಿರಿನ್ ಇದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ತೂಕ ಭರಭರ ಇಳಿಯುವಾಗ ಪಿತ್ತಕೋಶದಲ್ಲಿ ಹರಳು ಆಗುವುದು ಜಾಸ್ತಿ. ಹರಳು ಪಿತ್ತನಾಳಕ್ಕೆ ಜಾರಿದರೆ ಉಳಿದವರಿಗೆ ಇಆರ್‌ಸಿಪಿ (ಬಾಯಿಂದ ಪೈಪು ಇಳಿಸಿ ಪಿತ್ತನಾಳ ಮುಟ್ಟುವ ಎಂಡೋಸ್ಕೋಪಿ) ಮಾಡಿ ತೆಗೆಯುತ್ತಾರೆ. ಬೈಪಾಸ್ ಆದವರಲ್ಲಿ ಆ ದಾರಿಯೇ ಬದಲಾಗಿರುತ್ತದೆ, ಸಾಮಾನ್ಯ ಪೈಪು ಅಲ್ಲಿಗೆ ಮುಟ್ಟುವುದಿಲ್ಲ. ಉದ್ದನೆಯ ವಿಶೇಷ ಪೈಪು ಬೇಕು, ಇಲ್ಲವೆ ಲ್ಯಾಪರೊಸ್ಕೋಪಿಯಲ್ಲಿ ಹಳೆಯ ಜಠರಕ್ಕೆ ತೂತು ಮಾಡಿ ಅಲ್ಲಿಂದ ಪೈಪು ಬಿಡಬೇಕು. ಸ್ಲೀವ್ ಆದವರಿಗೆ ಈ ತಕರಾರು ಇಲ್ಲ. ಹಂತ 1ರ ಫೈಲು ಏಕೆ ಬೇಕು ಅಂತ ಈಗ ಗೊತ್ತಾಯಿತು ಅಲ್ವಾ?

ಕೊನೆಯದು ಬೈಪಾಸಿನ ಬಾಯಿ, ಅಂದರೆ ಪುಟ್ಟ ಚೀಲ ಕರುಳಿಗೆ ಸೇರುವ ಜೋಡಣೆ, ಅಗಲವಾಗುವುದು. ತಿಂದದ್ದು ಸೀದಾ ಕರುಳಿಗೆ ಇಳಿದು ಹಸಿವು ಬೇಗ ಮರಳುತ್ತದೆ, ತೂಕ ಏರುತ್ತದೆ. ಸಿಹಿ ತಿಂದರೆ ಅರ್ಧ ಗಂಟೆಯಲ್ಲಿ ಎದೆ ಡವಡವ, ಬೆವರು, ಭೇದಿ. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ಸಕ್ಕರೆ ಕುಸಿದು ಕಣ್ಣು ಕತ್ತಲೆ. ಬಾಯಿಯ ಅಂಚನ್ನು ಆರ್ಗಾನ್ ಗ್ಯಾಸಿನಲ್ಲಿ ಸುಟ್ಟು, ಅಥವಾ ಎಂಡೋಸ್ಕೋಪಿಯಲ್ಲೇ ಹೊಲಿದು ಕಿರಿದು ಮಾಡುತ್ತಾರೆ. ಇದಕ್ಕೆ ಅವಸರವಿಲ್ಲ. ಮೊದಲು ಕುಂದಾ, ಕರದಂಟು, ಹೋಳಿಗೆ ಬಿಟ್ಟು, ಊಟದ ಜೊತೆ ನೀರು ಕುಡಿಯುವುದನ್ನೂ ಬಿಟ್ಟು ಕೆಲವು ವಾರ ನೋಡಿ. ಎಷ್ಟೋ ಜನರಿಗೆ ಅಷ್ಟರಲ್ಲೇ ಹತೋಟಿಗೆ ಬರುತ್ತದೆ.

ಹಂತ 6: ಎಲ್ಲಿಗೆ ಹೋಗುವುದು

ಹಂತ 3ರ ಲಕ್ಷಣ ಇದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯೇ ಸರಿ. ಬೆಳಗಾವಿಯಲ್ಲಿ ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ, ಸರ್ಕಾರಿ ಬಿಮ್ಸ್. ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಬಾಗಲಕೋಟೆಯಲ್ಲಿ ಹಾನಗಲ್ ಕುಮಾರೇಶ್ವರ ಆಸ್ಪತ್ರೆ. ಮೊದಲು ಉಸಿರು, ಬಿಪಿ, ಸೋಂಕು ಹತೋಟಿಗೆ ಬರಲಿ, ಸ್ಕ್ಯಾನ್ ಆಗಲಿ. ಸ್ಟೆಂಟು, ಬಲೂನಿನ ಮಾತು ಆಮೇಲೆ. ಅದಕ್ಕಾಗಿ ಹುಬ್ಬಳ್ಳಿಗೋ, ಗಡಿಯಾಚೆಯ ಮೀರಜ್, ಸೊಲ್ಲಾಪುರ, ಪುಣೆಗೋ ಹೋಗಬೇಕಾಗಿ ಬಂದರೆ ಹೊರಡುವ ಮೊದಲೇ ಫೋನ್ ಮಾಡಿ ಇಷ್ಟು ಕೇಳಿ. ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ ಕರುಳಿನ ತಜ್ಞರು, ಇದ್ದಾರಾ? ತೂಕದ ಆಪರೇಷನ್ ಆದವರಿಗೆ ಸ್ಟೆಂಟ್, ಪಿಗ್‌ಟೇಲ್, ಬಲೂನು ಹಾಕಿ ರೂಢಿ ಇದೆಯಾ? ಏನಾದರೂ ಹೆಚ್ಚುಕಡಿಮೆ ಆದರೆ ಅದೇ ಕಟ್ಟಡದಲ್ಲಿ ಸರ್ಜನ್, ಐಸಿಯು ಸಿಗುತ್ತದಾ? ಮೂರನೆಯದಕ್ಕೆ ಇಲ್ಲ ಅಂದರೆ ಬೇರೆ ಕಡೆ ನೋಡಿ. ಆಪರೇಷನ್ ಮಾಡಿದ ಸರ್ಜನ್ ಜೊತೆ ಈಗಿನ ಡಾಕ್ಟರನ್ನು ಫೋನಿನಲ್ಲಿ ಮಾತಾಡಿಸಿ. ಹತ್ತು ನಿಮಿಷದ ಆ ಮಾತು ಬಹಳ ಗೊಂದಲ ತಪ್ಪಿಸುತ್ತದೆ.

ಹಂತ 7: ಎಂಡೋಸ್ಕೋಪಿ ದಿನ

ಎಷ್ಟು ಹೊತ್ತು ಉಪವಾಸ ಅಂತ ಅವರು ಹೇಳಿದಷ್ಟು ಇರಿ. ಬಿಗಿತ ಇರುವವರ ಚೀಲದಲ್ಲಿ ಹಿಂದಿನ ದಿನದ್ದೂ ಉಳಿದಿರುತ್ತದೆ, ಅದಕ್ಕೇ ಮುಂಚಿನ ದಿನವಿಡೀ ದ್ರವವಷ್ಟೇ ಅನ್ನಬಹುದು. ರಕ್ತ ತೆಳು ಮಾಡುವ ಮಾತ್ರೆ, ಇನ್ಸುಲಿನ್, ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ನಿಲ್ಲುವುದು ಎಲ್ಲವನ್ನೂ ಅರಿವಳಿಕೆ ಡಾಕ್ಟರಿಗೆ ಹೇಳಿ. ತೂಕ ಮರಳಿತು ಅಂತ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಚುಚ್ಚಿಕೊಳ್ಳುವವರು ಈಗ ಊರೂರಿಗೂ ಇದ್ದಾರೆ. ಅದನ್ನು ಮುಚ್ಚಿಡಬೇಡಿ, ಅದರಿಂದ ಜಠರ ಖಾಲಿಯಾಗುವುದು ತಡವಾಗುತ್ತದೆ, ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಹಂತ 8: ಮನೆಗೆ ಬಂದ ಮೇಲೆ

ಬಲೂನು ಹಾಕಿದ ದಿನ ಎದೆನೋವು ಏರುತ್ತಾ ಹೋದರೆ, ಕುತ್ತಿಗೆಯ ಚರ್ಮ ಒತ್ತಿದಾಗ ಗರಗರ ಅಂದರೆ, ಜ್ವರ ಬಂದರೆ ತಕ್ಷಣ ವಾಪಸ್. ಸ್ಟೆಂಟ್ ಇದ್ದವರಿಗೆ ಕಡಿಮೆಯಾಗಿದ್ದ ವಾಂತಿ, ನೋವು ಒಮ್ಮೆಲೇ ಮರಳಿದರೆ ಅದು ಜಾರಿರಬಹುದು, ಎಕ್ಸ್‌ರೇ ತೆಗೆಸಿ.

ಊಟ ಡಾಕ್ಟರು ಹೇಳಿದ ಕ್ರಮದಲ್ಲೇ: ಮೊದಲು ತೆಳು ಮಜ್ಜಿಗೆ, ಹೆಸರುಬೇಳೆ ಕಟ್ಟು, ಆಮೇಲೆ ಗಂಜಿ, ಮೆತ್ತಗೆ ಬೇಯಿಸಿದ ನುಚ್ಚು. ಕಟಕ ರೊಟ್ಟಿ, ಮಟನ್ ತುಂಡು, ನಾರಿನ ತರಕಾರಿ ತಿಂಗಳುಗಟ್ಟಲೆ ದೂರ ಇರಲಿ, ಸಿಕ್ಕಿಕೊಂಡರೆ ಅದನ್ನು ತೆಗೆಯಲೂ ಮತ್ತೆ ಪೈಪೇ ಬೇಕು. ಪ್ರೀತಿಯಿಂದ ಒತ್ತಾಯ ಮಾಡುವ ಅವ್ವ, ಮಾವಶಿಯರಿಗೆ ಇದನ್ನು ಹೇಳುವ ಕೆಲಸ ಮನೆಯ ಯಾರಾದರೂ ಒಬ್ಬರು ವಹಿಸಿಕೊಳ್ಳಿ, ರೋಗಿಗೆ ಬಿಡಬೇಡಿ.

ಸ್ಟೆಂಟ್, ಪಿಗ್‌ಟೇಲ್ ತೆಗೆಸುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ನೋವಿಲ್ಲ ಅಂತ ಬಿಟ್ಟರೆ ಸ್ಟೆಂಟಿನ ಅಂಚಿಗೆ ಮಾಂಸ ಬೆಳೆದು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ವಿಮೆ ಇದ್ದರೆ ಪ್ರತಿ ಸಲದ ಬಿಲ್ಲು, ಎಂಡೋಸ್ಕೋಪಿ ವರದಿ, ಸ್ಟೆಂಟಿನ ಡಬ್ಬಿಯ ಮೇಲಿನ ಸ್ಟಿಕ್ಕರ್ ಬೇರೆ ಬೇರೆ ಇಡಿ. ಬೊಜ್ಜಿನ ಆಪರೇಷನ್ನಿಗೆ ವಿಮಾ ಕಂಪನಿಗಳು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಷರತ್ತು ಹಾಕುತ್ತವೆ, ತೊಂದರೆಯ ಚಿಕಿತ್ಸೆಗೂ ಅದೇ ನೆಪ ತೆಗೆಯಬಹುದು. ದಾಖಲಾಗುವಾಗಲೇ ಒಪ್ಪಿಗೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ.